ಪಿಎಚ್‌ಸಿಯಲ್ಲಿ ತೂಕ ಇಳಿಸಲು ನೆರವು ಸಿಗುತ್ತದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 44 ವರ್ಷ, ಎತ್ತರ 155 ಸೆಂ.ಮೀ., ತೂಕ 78 ಕೆ.ಜಿ. ನಮ್ಮೂರ ಪಿಎಚ್‌ಸಿಯಲ್ಲಿ ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಹೋದಾಗಲೆಲ್ಲ "ತೂಕ ಇಳಿಸಿ" ಎನ್ನುತ್ತಾರೆ, ಹೇಗೆ ಅಂತ ಹೇಳುವುದಿಲ್ಲ. ಪೇಟೆಯಲ್ಲಿ ಒಬ್ಬರು 30 ಸಾವಿರದ ಪ್ಯಾಕೇಜ್ ಹೇಳಿದ್ದಾರೆ. ಸೇರಬೇಕಾ?

ಉತ್ತರ (ಪಿಎಚ್‌ಸಿ ವೈದ್ಯೆ): ಸದ್ಯಕ್ಕೆ ದುಡ್ಡು ಕಟ್ಟಬೇಡಿ ಅಕ್ಕ. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ) 32 ದಾಟಿದೆ. ನಮ್ಮ ಜನರಿಗೆ 25 ದಾಟಿದರೇ ಬೊಜ್ಜು ಅಂತ ಲೆಕ್ಕ. ಆದರೆ ಮದುವೆ ಕಾಲದ ತೂಕಕ್ಕೆ ವಾಪಸ್ ಹೋಗುವ ಆಸೆ ಬೇಡ. ಆರು ತಿಂಗಳಲ್ಲಿ 4 ಕೆ.ಜಿ. ಇಳಿಸಿ, ಸಾಕು. ತೂಕದ ಶೇ. 5ರಷ್ಟು ಇಳಿದರೂ ಬಿಪಿ, ಶುಗರ್ ಎರಡಕ್ಕೂ ಒಳ್ಳೆಯದು.

ಮಾತ್ರೆಗೆ ಹೋದ ದಿನವೇ ತೂಕ ಮತ್ತು ಸೊಂಟದ ಅಳತೆ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಹೆಂಗಸರಿಗೆ ಸೊಂಟ 80 ಸೆಂ.ಮೀ. ಒಳಗಿರಬೇಕು. ಹತ್ತಿರದ ಉಪಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಇದ್ದರೆ ಅವರ ಹತ್ತಿರ ಕೂತು ಮಾತಾಡಿ. ನಮ್ಮ ಓಪಿಡಿ ಗಲಾಟೆಯಲ್ಲಿ ಸಿಗದ ಸಮಯ ಅಲ್ಲಿ ಸಿಗಬಹುದು.

ಊಟದ ವಿಷಯಕ್ಕೆ ಬಂದರೆ, ನಾನು ಮೊದಲು ಕೇಳುವುದು ಎಣ್ಣೆಯ ಲೆಕ್ಕ. ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರ್ ಬರುತ್ತದೆ ಅಂದುಕೊಳ್ಳಿ. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 350 ಕ್ಯಾಲೊರಿ ಬರೀ ಎಣ್ಣೆಯಿಂದಲೇ ಆಯಿತು. ಅದನ್ನು 3 ಲೀಟರ್‌ಗೆ ಇಳಿಸಿದರೆ 140ರಷ್ಟು ಕಡಿಮೆ. ಯಾರೂ ಹಸಿದು ಕೂರಬೇಕಿಲ್ಲ. ಇನ್ನೊಂದು, ಮುದ್ದೆ ತಿಂದರೆ ಸಣ್ಣ ಆಗುತ್ತೇವೆ ಅನ್ನೋದು ಸುಮ್ನೆ ಮಾತು. ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನವನ್ನೂ ಉಂಡರೆ ತೂಕ ಇಳಿಯುವುದು ಹೇಗೆ? ಒಂದು ಮುದ್ದೆ, ಜಾಸ್ತಿ ಸೊಪ್ಪು, ಕಾಳು ಇರಲಿ.

ಒಂದು ಎಚ್ಚರಿಕೆ. ಶುಗರ್‌ಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದರೆ ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ಹೇಳಿ. ಶುಗರ್ ತೀರಾ ಇಳಿದು ನಡುಕ, ಬೆವರು ಬರಬಹುದು. ಡೋಸ್ ಕಡಿಮೆ ಮಾಡಬೇಕಾಗಬಹುದು, ಆದರೆ ಆ ಕೆಲಸ ನೀವೇ ಮಾಡಬೇಡಿ.

ಪ್ರಶ್ನೆ (ನರ್ಸಿಂಗ್ ಅಧಿಕಾರಿ): ಮೇಡಂ, ಬೆಳಗ್ಗೆಯಿಂದ ನೂರು ಜನ ಸಾಲಲ್ಲಿರುತ್ತಾರೆ. ಇದನ್ನೆಲ್ಲ ಹೇಳೋಕೆ ಟೈಮ್ ಎಲ್ಲಿದೆ? ಮೇಲಾಗಿ ದಪ್ಪ ಇದ್ದೀರಿ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಉತ್ತರ: ಅರ್ಧ ನಿಮಿಷ ಸಾಕು. ಇಂಗ್ಲೆಂಡಿನ ಕುಟುಂಬ ವೈದ್ಯರ ಕ್ಲಿನಿಕ್‌ಗಳಲ್ಲಿ 1,882 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬೇರೆ ಕಾಯಿಲೆಗೆ ಬಂದವರಿಗೆ ವೈದ್ಯರು 30 ಸೆಕೆಂಡ್ ತೂಕದ ಮಾತಾಡಿದರು. ಒಂದು ಗುಂಪಿಗೆ ಬರೀ ಸಲಹೆ. ಇನ್ನೊಂದು ಗುಂಪಿಗೆ 12 ವಾರದ ಉಚಿತ ತರಗತಿಗೆ ಹೋಗಿ ಅಂದರು. ಒಪ್ಪಿದವರಿಗೆ ಹೊರಡುವ ಮೊದಲೇ ದಿನ ಗೊತ್ತುಮಾಡಿ ಕೊಟ್ಟರು. ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 1 ಕೆ.ಜಿ., ಎರಡನೆಯದು 2.4 ಕೆ.ಜಿ. ಇಳಿಸಿತ್ತು. ಬೇಜಾರಾದವರು ನೂರಕ್ಕೆ ಒಬ್ಬರೂ ಇರಲಿಲ್ಲ.

ನಮ್ಮಲ್ಲಿ ಅಂಥ ತರಗತಿ ಇಲ್ಲ, ನಿಜ. ಆದರೆ ಮುಂದಿನ ತೂಕದ ದಿನಾಂಕ, ಸಿಎಚ್‌ಒ ಹೆಸರು ಚೀಟಿಯಲ್ಲಿ ಬರೆದು ಕೊಡಬಹುದು ಅಲ್ವಾ? "ದಪ್ಪ" ಅನ್ನಬೇಡಿ. "ಮಂಡಿ ನೋವಿಗೆ, ಬಿಪಿಗೆ ತೂಕ ಇಳಿದರೆ ಒಳ್ಳೆಯದು, ನೆರವು ಬೇಕಾ?" ಅಂತ ಕೇಳಿ.

ಪ್ರಶ್ನೆ: ಈಗ ತೂಕ ಇಳಿಸೋ ಇಂಜೆಕ್ಷನ್ ಬಂದಿದೆಯಲ್ಲ?

ಉತ್ತರ: 2025ರಲ್ಲಿ ಮೌಂಜಾರೊ, ವೆಗೋವಿ ಎರಡೂ ಭಾರತಕ್ಕೆ ಬಂದವು. ಕೆಲಸ ಮಾಡುತ್ತವೆ, ಆದರೆ ನಿಲ್ಲಿಸಿದರೆ ಇಳಿದ ತೂಕದಲ್ಲಿ ಬಹುಪಾಲು ವಾಪಸ್ ಬರುತ್ತದೆ. ಪಿಎಚ್‌ಸಿಯಲ್ಲಿ ಕೊಡುವಂಥದ್ದಲ್ಲ. ಬೇಕೆನಿಸಿದರೆ ಫಿಸಿಶಿಯನ್ ಹತ್ತಿರ ಹೋಗಿ, ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರಬೇಡಿ.