ಒಂಬತ್ತನೇ ಭಾಗ ಓದಿ ಬೇಸರವಾಯಿತು, ನಿಮಗೆ?

ಹಾಸನದ ಓದುಗಿ:
ಬಳ್ಳಿಗಾವಿಯಿಂದ ಬೇಲೂರಿಗೆ ಬಂದ ಶಿಲ್ಪಿ ಮನೆತನದ ಕಾದಂಬರಿ ಮಾಲೆಯನ್ನು ನಮ್ಮಲ್ಲಿ ಸುಮಾರು ಜನ ಮೊದಲಿನಿಂದ ಓದುತ್ತಾ ಬಂದಿದ್ದೇವೆ. ಒಂಬತ್ತನೆಯದನ್ನು ನಿನ್ನೆ ರಾತ್ರಿ ಮುಗಿಸಿದೆ. 1117, ಚೆನ್ನಕೇಶವನ ಪ್ರತಿಷ್ಠೆಯ ವರ್ಷ. ಕಲ್ಲು ಕೆತ್ತುವ ಹುಡುಗ, ಹೊಯ್ಸಳರ ರಾಜಧಾನಿ ದೋರಸಮುದ್ರದಿಂದ ಬಂದ ನಾಟ್ಯದ ಹುಡುಗಿ. ಇಷ್ಟು ಕೇಳಿದರೇ ಓದಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಮೊದಲ ಅಧ್ಯಾಯದಲ್ಲೇ ಇಬ್ಬರಿಗೂ ಪ್ರೀತಿ ಆಗಿಬಿಡುತ್ತದೆ. ಆಮೇಲೆ ಒಂದು ಓಲೆ ಬೇರೆಯವರ ಕೈಗೆ ಸಿಕ್ಕಿ, ಇನ್ನೂರು ಪುಟ ಇಬ್ಬರಿಗೂ ಮಾತಿಲ್ಲ. ದಿನಾ ಒಂದೇ ಅಂಗಳದಲ್ಲಿ ಎದುರುಬದುರಾಗುತ್ತಾರೆ. "ಯಾಕೆ ಹೀಗೆ ಮಾಡಿದೆ" ಅಂತ ಒಂದು ಸಲ ಕೇಳಿದ್ದರೆ ಮುಗಿದುಹೋಗುತ್ತಿತ್ತು.

ಬೇಲೂರಿನವನು:
ನನಗೆ ಅದಕ್ಕಿಂತ ಮುಂಚೆಯೇ ಪುಸ್ತಕ ಕೈಬಿಟ್ಟಿತು. ನಾಯಕಿಯ ಅಮ್ಮ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಾರೆ! ಅದು ನಮ್ಮ ಕಡೆ ಬಂದದ್ದು ಪೋರ್ಚುಗೀಸರಿಂದ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದೇ 1498ರಲ್ಲಿ. ಆಗಿನ ಖಾರ ಅಂದರೆ ನಮ್ಮ ಮಲೆನಾಡಿನ ಕಾಳುಮೆಣಸು. ಇನ್ನು ಹುಡುಗ ಕಿಡಿ ಹಾರುವ ಹಾಗೆ ಸುತ್ತಿಗೆ ಬೀಸುತ್ತಾನೆ. ಅದು ಬಳಪದ ಕಲ್ಲು ಸಾರ್. ಹೊಸದಾಗಿ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಮದನಿಕೆಯರ, ಅಂದರೆ ದೇವಸ್ಥಾನದ ಆ ಸುಂದರಿಯರ ಶಿಲ್ಪಗಳ, ಬಳೆ, ಮುಂಗುರುಳು ಅಷ್ಟು ಸಣ್ಣಗೆ ಬಂದಿರುವುದು. ಆ ಕೆಲಸಕ್ಕೆ ಬೇಕಾದದ್ದು ತಾಳ್ಮೆ, ತೋಳ್ಬಲ ಅಲ್ಲ. ಈ ದೇವಸ್ಥಾನ ನೋಡುತ್ತಲೇ ಬೆಳೆದವನು ನಾನು. ತುಂಬಾ ನೋವಾಯಿತು.

ಮೂಡಿಗೆರೆ ತೋಟದವಳು:
ನೀವೆಲ್ಲ ಸ್ವಲ್ಪ ಜಾಸ್ತಿ ಕಠಿಣ ಆದಿರಿ. ಅಮ್ಮ ಹುಷಾರಿಲ್ಲದೆ ಮಲಗಿದ್ದಾಗ ದಿನಾ ಒಂದೊಂದು ಅಧ್ಯಾಯ ಗಟ್ಟಿಯಾಗಿ ಓದಿದೆ. ಕೊನೆಗೆ ಇಬ್ಬರೂ ಸೇರಿದಾಗ ಅಮ್ಮ ಕಣ್ಣೊರೆಸಿಕೊಂಡರು. ಎಂಟು ಒಳ್ಳೆಯ ಪುಸ್ತಕ ಕೊಟ್ಟವರು ಒಂದರಲ್ಲಿ ಸೋತರೆ ಏನಾಯಿತು?

ಹಾಸನದ ಓದುಗಿ:
ಅಕ್ಕ, ಅಮ್ಮ ಈಗ ಹುಷಾರಾಗಿದ್ದಾರೆ ತಾನೇ? ನಾನೂ ಆ ಎಂಟರ ಮೇಲಿನ ಪ್ರೀತಿಗೇ ಹೇಳುತ್ತಿರುವುದು. ಮೂರನೇ ಭಾಗದಲ್ಲಿ ಅಲ್ಲಿನ ನಾಯಕನ ಕಣ್ಣಿಗೆ ಕಲ್ಲಿನ ಪುಡಿ ಬೀಳುತ್ತದೆ. ನಾಯಕಿ ಸೆರಗಿನ ತುದಿ ಒದ್ದೆ ಮಾಡಿ ತೆಗೆಯುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಆ ಪುಟದಲ್ಲಿ ಪ್ರೀತಿ ಅನ್ನುವ ಪದವೇ ಇಲ್ಲ, ಇವತ್ತಿಗೂ ನೆನಪಿದೆ. ಇದರಲ್ಲಿ ಪುಟಪುಟಕ್ಕೂ ಆ ಪದ ಇದೆ, ಒಂದೂ ಎದೆಗೆ ತಾಕಲಿಲ್ಲ.

ಅರಸೀಕೆರೆ ಮೇಷ್ಟ್ರು:
ನನಗೆ ಬೇಜಾರಾಗಿದ್ದು ಕೈಗೆ ಸಿಕ್ಕ ಕಥೆಯನ್ನು ಬಿಟ್ಟಿದ್ದಕ್ಕೆ. ಬಳ್ಳಿಗಾವಿಯ ದಾಸೋಜ, ಅವರ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ಹೆಸರು ಬರೆಸಿದ್ದಾರೆ. ಈ ಕಾದಂಬರಿಯಲ್ಲಿ ಅದು ಒಂದೇ ಸಾಲು. ಹುಡುಗ ಅವಳನ್ನೇ ನೋಡಿ ಮದನಿಕೆ ಕೆತ್ತುತ್ತಾನಲ್ಲ, ಕೆಳಗೆ ಬರುವುದು ಅವನ ಹೆಸರು. ನಿಂತು ನಿಂತು ಕಾಲು ನೋಯಿಸಿಕೊಂಡವಳ ಹೆಸರು ಎಲ್ಲಿ? ಜಗಳ ಇದಕ್ಕೆ ಆಗಬೇಕಿತ್ತು. ಕಳೆದ ಓಲೆಗಲ್ಲ. ಶಾಂತಲೆಯನ್ನಾದರೂ ನೋಡಿ. ಸಂಗೀತ, ನೃತ್ಯದಲ್ಲಿ ನಿಪುಣೆ ಅಂತ ಶ್ರವಣಬೆಳಗೊಳದ ಶಾಸನವೇ ಹೊಗಳುತ್ತದೆ. ಇಲ್ಲಿ ಬಂದು ನಕ್ಕು ಆಶೀರ್ವಾದ ಮಾಡಿ ಹೋಗುತ್ತಾಳೆ ಅಷ್ಟೇ. ನಾಟ್ಯ ಬಲ್ಲ ರಾಣಿ ಆ ಹುಡುಗಿಯ ಒಂದು ಹೆಜ್ಜೆಯನ್ನಾದರೂ ತಿದ್ದಬೇಡವೇ?

ಮೂಡಿಗೆರೆ ತೋಟದವಳು:
ಅಮ್ಮ ಈಗ ಎದ್ದು ಓಡಾಡುತ್ತಿದ್ದಾರೆ. ಮೇಷ್ಟ್ರೇ, ಹೆಸರಿನ ಮಾತು ನನಗೆ ಹೊಳೆದೇ ಇರಲಿಲ್ಲ. ಅವಳು ಕೇಳಬೇಕಿತ್ತು, ನಿಜ. ಆದರೂ ಹತ್ತನೆಯದನ್ನು ನಾನು ಕೊಂಡೇ ಓದುತ್ತೇನೆ.

ಬೇಲೂರಿನವನು:
ನಾನು ಲೈಬ್ರರಿಗೆ ಬಂದ ಮೇಲೆ ನೋಡುತ್ತೇನೆ.

ಹಾಸನದ ಓದುಗಿ:
ಲೇಖಕರಿಗೆ ಒಂದು ಕಾಗದ ಬರೆಯೋಣ. ಮೇಷ್ಟ್ರೇ, ಹೆಸರಿನ ವಿಷಯ ನೀವೇ ಬರೆಯಿರಿ. ಮೂರನೇ ಭಾಗದ ಆ ಪುಟದ ಬಗ್ಗೆ ನಾನು ಬರೆಯುತ್ತೇನೆ.