ಸಿಗಾರ್ ಮೇಲೆ ಬಿಳಿ ಪುಡಿ, ಸಣ್ಣ ತೂತು: ಫ್ರಿಜ್ಜಿನಲ್ಲಿ ಇಡಬೇಕೇ?

ಪ್ರಶ್ನೆ (ಕಲಬುರಗಿಯಿಂದ):
ನಮಸ್ಕಾರ. ನಮ್ಮ ಕಾಕಾ ದುಬೈನಿಂದ ಬರುವಾಗ ಹನ್ನೆರಡು ಸಿಗಾರ್ ತಂದುಕೊಟ್ಟಿದ್ದರು. ಬಂದ ಮರದ ಪೆಟ್ಟಿಗೆಯಲ್ಲೇ ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದೆ. ಮೇ ತಿಂಗಳ ಬಿಸಿಲಿಗೆ ನಾಲ್ಕರ ಹೊರ ಎಲೆ ಬಿರುಕು ಬಿಟ್ಟಿತು. ಒಬ್ಬರು ಫ್ರಿಜ್ಜಿನಲ್ಲಿಡಿ ಎಂದರು, ಇನ್ನೊಬ್ಬರು ಸೇಬಿನ ಹೋಳು ಇಡಿ ಎಂದರು. ಸೇಬು ಇಟ್ಟು ಹದಿನೈದು ದಿನವಾಯಿತು. ಈಗ ಮೂರರ ಮೇಲೆ ಬಿಳಿ ಪುಡಿ ಇದೆ. ಅದು ಚೆನ್ನಾಗಿ ಮಾಗಿದ ಗುರುತಂತೆ, ನಿಜವೇ? ಎರಡರಲ್ಲಿ ಸೂಜಿಯಿಂದ ಚುಚ್ಚಿದಂತಹ ತೂತುಗಳಿವೆ. ತೇವಾಂಶದ ಮೀಟರ್ ಮಾತ್ರ ಸರಿಯಾಗಿ 70 ತೋರಿಸುತ್ತಿದೆ.

ಉತ್ತರ (ಬೀದರ್‌ನಿಂದ):
ಸರ್, ಮೊದಲು ಆ ಸೇಬನ್ನು ತೆಗೆದು ಎಸೆಯಿರಿ. ಅದು ತೇವ ಕೊಡುತ್ತದೆ ನಿಜ, ಆದರೆ ಎಷ್ಟು ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ, ಜೊತೆಗೆ ತಾನೂ ಬೂಷ್ಟು ಹಿಡಿಯುತ್ತದೆ. ಆ ಬಿಳಿ ಪುಡಿಯನ್ನು ಬೆಳಕಿಗೆ ಹಿಡಿದು ನೋಡಿ. ಹತ್ತಿಯ ಎಳೆಯಂತೆ ಮಚ್ಚೆಮಚ್ಚೆಯಾಗಿ ಎದ್ದಿದ್ದರೆ ಅದು ಬೂಷ್ಟೇ. ಮಾಗಿದ ಗುರುತು ಎಂದು ನಂಬಿ ಅದನ್ನು ಸೇದಬೇಡಿ.

ತೂತು ಕೊರೆದದ್ದು ತಂಬಾಕಿನ ಹುಳ. ಮೊಟ್ಟೆ ಎಲೆಯ ಜೊತೆಗೇ ಬಂದಿರಬಹುದು. 24–25 ಡಿಗ್ರಿ ದಾಟಿದರೆ ಮರಿಯಾಗುವ ಅಪಾಯ ಹೆಚ್ಚು. ನಮ್ಮ ಕಡೆ ಬೇಸಿಗೆಯಲ್ಲಿ 40 ದಾಟುತ್ತದೆ, ಇನ್ನು ಕೇಳಬೇಕೇ! ಅರಿಶಿನ, ಧನಿಯಾ, ಖಾರದ ಪುಡಿಗೆ ಬೀಳುವ ಕಂದು ಹುಳವೂ ಇದೇ.

ಫ್ರಿಜ್ಜಿನ ಮಾತು ಅರ್ಧ ಸತ್ಯ. ಅಲ್ಲೇ ಇಟ್ಟರೆ ಗಾಳಿ ಒಣಗಿ ಎಲೆ ಇನ್ನಷ್ಟು ಬಿರಿಯುತ್ತದೆ, ಸಾರಿನ ವಾಸನೆಯೂ ಹತ್ತುತ್ತದೆ. ಆದರೆ ಹುಳ ಕೊಲ್ಲಲು ಫ್ರೀಜರ್ ಬೇಕು. ತೂತು ಬಿದ್ದವನ್ನೂ ಬೂಷ್ಟು ಹಿಡಿದವನ್ನೂ ಬಿಸಾಡಿ. ಉಳಿದವನ್ನು ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ಒಂದು ದಿನ ಫ್ರಿಜ್, ನಾಲ್ಕು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್. ಆಮೇಲೆ ಹೊರಗೆ. ಅವಸರ ಮಾಡಿದರೆ ಎಲೆ ಸೀಳುತ್ತದೆ.

ನನಗೆ ಎಲ್ಲಕ್ಕಿಂತ ಅನುಮಾನ ನಿಮ್ಮ ಮೀಟರಿನ ಮೇಲೆ. 70ರಲ್ಲಿ ಇಷ್ಟು ಬೇಗ ಬೂಷ್ಟು ಬರುವುದಿಲ್ಲ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಹಸಿ ಮರಳಿನಂತಾಗುವಷ್ಟು ಹನಿ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು. ಮೀಟರಿನ ಜೊತೆ ಬಿಗಿಯಾದ ಡಬ್ಬಿಯಲ್ಲಿ 24 ಗಂಟೆ ಇಡಿ. ಒಳಗಿನ ತೇವಾಂಶ ಶೇ. 75ಕ್ಕೆ ನಿಲ್ಲುತ್ತದೆ. ಮೀಟರ್ ಎಷ್ಟು ತೋರಿಸಿತು, ಬರೆಯಿರಿ.

ಮರುಪ್ರಶ್ನೆ (ಕಲಬುರಗಿಯಿಂದ):
66 ತೋರಿಸಿತು ಸರ್.

ಉತ್ತರ (ಬೀದರ್‌ನಿಂದ):
ಹಾಗಾದರೆ 9 ಕಡಿಮೆ ತೋರಿಸುತ್ತಿದೆ. ನಿಮ್ಮ 70 ಎಂದರೆ ನಿಜದಲ್ಲಿ 79. ಬೂಷ್ಟಿಗೆ ಅದೇ ಕಾರಣ. ಮರದ ಪೆಟ್ಟಿಗೆ ಬಿಟ್ಟು, ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವಾಂಶವನ್ನು ಶೇ. 65ರಲ್ಲೇ ಹಿಡಿದಿಡುವ ಬೊವೆಡಾ ಪೊಟ್ಟಣ ಇಡಿ. 60 ಗ್ರಾಮಿನದು ಒಂದು 25 ಸಿಗಾರಿಗೆ ಸಾಕು. ಕೂಲರ್ ಹಾಕಿದಾಗ ಕೋಣೆಯಲ್ಲಿ ತೇವ ಏರುತ್ತದೆ, ಆರಿಸಿದರೆ ಇಳಿಯುತ್ತದೆ. ಮುಚ್ಚಳ ಬಿಗಿಯಿದ್ದರೆ ಒಳಗೆ ಆ ಏರಿಳಿತ ತಟ್ಟುವುದಿಲ್ಲ. ಬಿರಿದ ಎಲೆ ಮಾತ್ರ ಮತ್ತೆ ಕೂಡುವುದಿಲ್ಲ.

ಮರುಪ್ರಶ್ನೆ (ಕಲಬುರಗಿಯಿಂದ):
ಏಳು ಉಳಿದವು, ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ನೀವು ಹೇಳಿದ ಮೇಲೆ ಅವ್ವ ಅದೇ ಕಪಾಟಿನ ಧನಿಯಾ ಡಬ್ಬಿಯನ್ನು ಮೊರಕ್ಕೆ ಸುರಿದು ನೋಡಿದರು. ಹುಳ ಅಲ್ಲಿಯೂ ಇದ್ದವು.