ಅಪ್‌ಡೇಟ್: ತಾನಾಗಿ ಮಾಯ್ದ ಹುಣ್ಣಿಗೂ ಪರೀಕ್ಷೆ ಬೇಕೇ ಎಂದು ಕೇಳಿದ್ದೆ

ಗುಪ್ತಾಂಗದ ಮೇಲೆ ಎದ್ದು ಕೆಲವು ವಾರಗಳಲ್ಲಿ ತಾನಾಗಿ ಮಾಯ್ದ ನೋವಿಲ್ಲದ ಹುಣ್ಣಿನ ಬಗ್ಗೆ ಕೇಳಿದ್ದವನು ನಾನೇ, ತೀರ್ಥಹಳ್ಳಿ ಕಡೆಯವನು. ಪರೀಕ್ಷೆ ಬೇಕೇಬೇಕು ಎಂದವರ ಮಾತೇ ಸರಿಯಾಯಿತು. ಶಿವಮೊಗ್ಗದ ಸುರಕ್ಷಾ ಕ್ಲಿನಿಕ್‌ನಲ್ಲಿ (ಲೈಂಗಿಕ ಸೋಂಕುಗಳ ಸರ್ಕಾರಿ ಚಿಕಿತ್ಸಾಲಯ) ವಿಡಿಆರ್‌ಎಲ್ ಎಂಬ ರಕ್ತಪರೀಕ್ಷೆ 1:32 ಬಂತು; ಇದರ ಎರಡನೇ ಅಂಕಿ ಚಿಕಿತ್ಸೆ ಫಲಿಸಿದಂತೆ ಇಳಿಯುತ್ತದೆ. ಟಿಪಿಎಚ್‌ಎ ಎಂಬ ಇನ್ನೊಂದು ರಕ್ತಪರೀಕ್ಷೆಯೂ ಇದು ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಎಂದೇ ಖಚಿತಪಡಿಸಿತು. ಹುಣ್ಣು ಮಾಯ್ದರೂ ಬ್ಯಾಕ್ಟೀರಿಯಾ ರಕ್ತದ ಮೂಲಕ ಮೈಯೆಲ್ಲ ಹರಡಿ, ಮುಂದೆ ಅಂಗೈ ಅಂಗಾಲುಗಳಲ್ಲಿ ದದ್ದು ಏಳಿಸಬಹುದು, ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದರೆ ಹೃದಯ ಮತ್ತು ಮಿದುಳಿಗೂ ಹಾನಿ ಮಾಡಬಹುದು ಎಂದು ವೈದ್ಯರು ವಿವರಿಸಿದರು.

ಆರಂಭಿಕ ಹಂತವಾದ್ದರಿಂದ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು 24 ಲಕ್ಷ ಯೂನಿಟ್ ಒಂದೇ ಸಲಕ್ಕೆ ಸಾಕಾಯಿತು. ಅಲರ್ಜಿಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡು ಪಾಲು ಮಾಡಿ ಎರಡೂ ಕುಂಡೆಗಳಿಗೆ ಕೊಟ್ಟರು. ಔಷಧ ಮಂದ, ಸೂಜಿ ದಪ್ಪ, ಊರಿಗೆ ಮರಳುವ ಬಸ್ಸಿನಲ್ಲಿ ನಿಂತೇ ಬಂದೆ. ರಾತ್ರಿ ಚಳಿಜ್ವರ ಬಂದಾಗ, ನಮ್ಮ ಕಡೆಯ ರೂಢಿಯಂತೆ, ಮನೆಯವರಿಗೆ ಮಂಗನ ಕಾಯಿಲೆಯ ಭಯ! ಬ್ಯಾಕ್ಟೀರಿಯಾ ಸಾಯುವಾಗ ಹೀಗಾಗುವುದುಂಟು, ಒಂದು ದಿನದೊಳಗೆ ಇಳಿಯುತ್ತದೆ ಎಂದು ಮೊದಲೇ ತಿಳಿಸಿದ್ದರು, ಹಾಗೆಯೇ ಇಳಿಯಿತು.

ಹೆಂಡತಿಯ ವರದಿ ನೆಗೆಟಿವ್ ಬಂದರೂ, ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಗೆ ಸಿಗದಿರಬಹುದೆಂದು ಅವಳಿಗೂ ಚುಚ್ಚುಮದ್ದು ಕೊಟ್ಟರು. ಕಾಂಡೋಮ್ ಅಪಾಯವನ್ನು ಬಹಳ ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಜಾಗದ ಹುಣ್ಣಿನಿಂದ ಸೋಂಕು ತಗುಲಬಲ್ಲದು. ಈಗ ನನ್ನ ವಿಡಿಆರ್‌ಎಲ್ 1:4ಕ್ಕೆ ಇಳಿದಿದೆ. ಟಿಪಿಎಚ್‌ಎ ಮಾತ್ರ ಗುಣವಾದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದಂತೆ.